ಅವಿರಳಜ್ಞಾನಿಯಿಂದ ಕಾಲಜ್ಞಾನಿಯವರೆಗೆ: ಚೆನ್ನಬಸವಣ್ಣನ ಬದುಕು ಮತ್ತು ಯುಗಾಂತ್ಯದ ನಿರೀಕ್ಷೆ

ಹನ್ನೆರಡನೆಯ ಶತಮಾನದ ಶರಣರಲ್ಲಿ ಚೆನ್ನಬಸವಣ್ಣನಿಗೆ ಎರಡು ಬಗೆಯ ಕೀರ್ತಿ ಪ್ರಾಪ್ತವಾಗಿದೆ. ಮೊದಲನೆಯದು ಷಟ್‌ಸ್ಥಲ ಸಿದ್ಧಾಂತವನ್ನು ವ್ಯವಸ್ಥಿತಗೊಳಿಸಿದ ಶಾಸ್ತ್ರಕಾರನ ಕೀರ್ತಿ. ಇದರಿಂದಾಗಿ ಪರಂಪರೆ ಅವನನ್ನು ಅವಿರಳಜ್ಞಾನಿ ಎಂದು ಕರೆಯಿತು. ಎರಡನೆಯದು ಮುಂದಾಗುವುದನ್ನು ಬಲ್ಲ ಕಾಲಜ್ಞಾನಿಯ ಕೀರ್ತಿ. ಕಲಿಯುಗದ ಕಷ್ಟಗಳು, ರಾಜ್ಯಗಳ ಪತನ, ವೀರವಸಂತರಾಯನ ಆಗಮನ, ಕಲ್ಯಾಣದ ಪುನರುತ್ಥಾನ ಇವೆಲ್ಲವನ್ನೂ ಅವನು ಮೊದಲೇ ನುಡಿದಿದ್ದಾನೆಂಬ ನಂಬಿಕೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಉಳಿದಿದೆ. ಸಾಹಿತ್ಯಚರಿತ್ರೆಕಾರರು ಮೊದಲನೆಯ ಚೆನ್ನಬಸವಣ್ಣನನ್ನು ಚರ್ಚಿಸಿ ಎರಡನೆಯವನನ್ನು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿಸುವುದು ರೂಢಿ. ಕಾಲಜ್ಞಾನ ಕೃತಿಗಳು ಪ್ರಕ್ಷಿಪ್ತ ಎಂಬ ತೀರ್ಮಾನದೊಂದಿಗೆ ಚರ್ಚೆ ನಿಂತುಬಿಡುತ್ತದೆ. ಆದರೆ ಪ್ರಕ್ಷಿಪ್ತವಾದುದು ಏಕೆ ಪ್ರಕ್ಷಿಪ್ತವಾಯಿತು, ಜನಸಮುದಾಯ ಅದನ್ನು ಏಕೆ ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಚೆನ್ನಬಸವಣ್ಣನ ಜೀವನವನ್ನೂ ಅವನ ಮರಣೋತ್ತರ ಜೀವನವನ್ನೂ ಒಟ್ಟಿಗೆ ಇಟ್ಟು ನೋಡಿ, ಜನರು ಲೋಕಾಂತ್ಯದ ನಂಬಿಕೆಗಳತ್ತ ಏಕೆ ಆಕರ್ಷಿತರಾಗುತ್ತಾರೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಹುಟ್ಟು ಮತ್ತು ಪರಿಸರ

ಚೆನ್ನಬಸವಣ್ಣನ ಬದುಕನ್ನು ತಿಳಿಯಲು ನಮಗಿರುವ ಮುಖ್ಯ ಆಕರಗಳು ವಚನಗಳು, ಶೂನ್ಯಸಂಪಾದನೆಗಳು ಹಾಗೂ ವೀರಶೈವ ಪುರಾಣಗಳು. ಇವುಗಳಲ್ಲಿ ಚರಿತ್ರೆ ಮತ್ತು ಭಕ್ತಿ ಬೇರ್ಪಡಿಸಲಾಗದಂತೆ ಬೆರೆತಿವೆ. ಅವನ ತಾಯಿ ನಾಗಲಾಂಬಿಕೆ, ಅಂದರೆ ಬಸವಣ್ಣನ ಅಕ್ಕ ಅಕ್ಕನಾಗಮ್ಮ. ತಂದೆ ಶಿವಸ್ವಾಮಿ ಎಂದು ಪರಂಪರೆ ಹೇಳುತ್ತದೆ. ಬಸವಣ್ಣನ ಮನೆತನ ಬಾಗೇವಾಡಿಯದು. ಇಂದಿನ ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿಯೇ ಈ ಊರು. ಅಕ್ಕ ತಮ್ಮಂದಿರು ಅಗ್ರಹಾರದ ಬದುಕನ್ನು ತೊರೆದು ಕೃಷ್ಣಾ ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮದ ಕಡೆಗೆ ನಡೆದುದು ಶರಣ ಚಳವಳಿಯ ಮೊದಲ ಹೆಜ್ಜೆ. ಚೆನ್ನಬಸವಣ್ಣ ಈ ಹೊಸ ಬದುಕಿನಲ್ಲಿಯೇ ಕಣ್ಣು ತೆರೆದವನು.

ಅವನ ಹುಟ್ಟನ್ನು ಪುರಾಣಗಳು ಪವಾಡವಾಗಿ ನಿರೂಪಿಸುತ್ತವೆ. ಶರಣರೊಬ್ಬರ ಪ್ರಸಾದವನ್ನು ಸ್ವೀಕರಿಸಿದ ಫಲವಾಗಿ ನಾಗಲಾಂಬಿಕೆ ಗರ್ಭ ಧರಿಸಿದಳೆಂಬುದು ಕಥೆ. ಡೋಹರ ಕಕ್ಕಯ್ಯನ ಪ್ರಸಾದವೇ ಅದು ಎಂದು ಹೇಳುವ ಸಂಪ್ರದಾಯವೂ ಇದೆ. ಪವಾಡವನ್ನು ಬದಿಗಿಟ್ಟು ನೋಡಿದರೂ ಈ ಕಥೆಯ ಸಾಮಾಜಿಕ ಆಶಯ ಸ್ಪಷ್ಟವಾಗಿದೆ. ಬ್ರಾಹ್ಮಣ ಮನೆತನದ ಹೆಣ್ಣುಮಗಳ ಮಗ, ಚರ್ಮ ಹದಮಾಡುವ ಕಾಯಕದ ಶರಣನ ಪ್ರಸಾದದಿಂದ ಹುಟ್ಟಿದನೆಂದು ಒಂದು ಸಮುದಾಯ ಹೇಳಿಕೊಳ್ಳುವಾಗ, ಅದು ಹಳೆಯ ಕುಲಗಣನೆಯನ್ನು ಕೈಬಿಟ್ಟು ಹೊಸದೊಂದು ವಂಶಾವಳಿಯನ್ನು ಕಟ್ಟಿಕೊಳ್ಳುತ್ತಿದೆ. ಚೆನ್ನಬಸವಣ್ಣನ ಪೂರ್ವಾಶ್ರಮವೆಂಬುದೇ ಇಲ್ಲ. ಬಸವಣ್ಣ, ಅಲ್ಲಮ, ಸಿದ್ಧರಾಮ ಮೊದಲಾದವರು ಬೇರೆ ಬೇರೆ ಹಾದಿಗಳಿಂದ ಬಂದು ಶರಣರಾದವರು. ಚೆನ್ನಬಸವಣ್ಣ ಶರಣನಾಗಿಯೇ ಹುಟ್ಟಿದವನು. ಹೊಸ ಸಮಾಜದ ಮೊದಲ ತಲೆಮಾರಿನ ಮಗು. ಮುಂದೆ ಅದೇ ಸಮಾಜದ ಅಂತ್ಯವನ್ನು ಕಾಣಬೇಕಾಗಿ ಬಂದದ್ದು ಅವನ ಬದುಕಿನ ಮುಖ್ಯ ಸಂಗತಿ.

೨. ಕಲ್ಯಾಣದಲ್ಲಿ

ಕಳಚುರಿ ಬಿಜ್ಜಳ ಮೊದಲು ಚಾಲುಕ್ಯರ ಮಾಂಡಲಿಕನಾಗಿದ್ದು ಮಂಗಳವೇಢೆಯಿಂದ ಆಳುತ್ತಿದ್ದವನು. ೧೧೫೭ರಿಂದ ೧೧೬೨ರ ಅವಧಿಯಲ್ಲಿ ಅವನು ಚಾಲುಕ್ಯರ ಅಧಿಕಾರವನ್ನು ಕ್ರಮೇಣ ತನ್ನದಾಗಿಸಿಕೊಂಡು ಕಲ್ಯಾಣದ ಒಡೆಯನಾದ. ಅವನ ಭಂಡಾರಿಯಾಗಿದ್ದ ಬಸವಣ್ಣನ ಮಹಾಮನೆ ಶರಣರ ಕೂಟದ ನೆಲೆಯಾಯಿತು. ಬಸವಣ್ಣ ಆಡಳಿತ, ದಾಸೋಹಗಳ ಹೊಣೆ ಹೊತ್ತಿದ್ದಾಗ, ಮಹಾಮನೆಯ ಒಳಗಿನ ಆಚಾರವಿಚಾರಗಳ ಹೊಣೆ ವಯಸ್ಸಿನಲ್ಲಿ ಕಿರಿಯನಾದ ಚೆನ್ನಬಸವಣ್ಣನ ಮೇಲೆ ಬಿದ್ದಂತೆ ಶೂನ್ಯಸಂಪಾದನೆಗಳು ಚಿತ್ರಿಸುತ್ತವೆ. ಅಲ್ಲಮನ ಅನಂತರ ಶೂನ್ಯಸಿಂಹಾಸನದ ಎರಡನೆಯ ಅಧ್ಯಕ್ಷನಾದವನು ಅವನೇ ಎಂದು ಪರಂಪರೆ ನಂಬುತ್ತದೆ, ಮೂರನೆಯವನು ಸಿದ್ಧರಾಮ.

ಕೂಡಲಚೆನ್ನಸಂಗಮದೇವ ಎಂಬ ಅಂಕಿತದಲ್ಲಿ ಅವನ ಸಾವಿರಕ್ಕೂ ಮಿಕ್ಕಿದ ವಚನಗಳು ದೊರೆತಿವೆ. ಕರಣಹಸಿಗೆ, ಮಿಶ್ರಾರ್ಪಣ, ಮಂತ್ರಗೋಪ್ಯ ಮೊದಲಾದ ಕೃತಿಗಳೂ ಅವನ ಹೆಸರಿನಲ್ಲಿವೆ. ೧೯೯೩ರಲ್ಲಿ ಕರ್ನಾಟಕ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟ ಮಾಲೆಯಲ್ಲಿ ಬಸವಣ್ಣ, ಅಲ್ಲಮರ ಅನಂತರದ ಸಂಪುಟವೇ ಅವನದು. ಬಸವಣ್ಣನ ವಚನಗಳಲ್ಲಿ ಕಾಣುವ ಭಾವದ ತೀವ್ರತೆಯಾಗಲಿ ಅಲ್ಲಮನ ಬೆಡಗಾಗಲಿ ಇಲ್ಲಿ ಪ್ರಧಾನವಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳ ನಿರ್ವಚನ, ಗುರು ಲಿಂಗ ಜಂಗಮಗಳ ಸಂಬಂಧ, ಅರ್ಪಿತ ಮತ್ತು ಅನರ್ಪಿತದ ವಿವೇಚನೆ ಇವು ಅವನ ಮುಖ್ಯ ಕಾಳಜಿಗಳು. ಅವನ ದೃಷ್ಟಿಯಲ್ಲಿ ಸಾಧನೆಯ ಕ್ಷೇತ್ರ ದೇಹ. ಅದರ ಕಾಲ ವರ್ತಮಾನ. ಕಣ್ಣು ಕಂಡ ರೂಪ, ನಾಲಗೆ ಉಂಡ ರುಚಿ ಆಯಾ ಕ್ಷಣದಲ್ಲಿಯೇ ಲಿಂಗಾರ್ಪಿತವಾಗಬೇಕು. ನಾಳೆಗೆ ಮುಂದೂಡಲ್ಪಟ್ಟ ಅರ್ಪಣಕ್ಕೆ ಈ ಸಿದ್ಧಾಂತದಲ್ಲಿ ಸ್ಥಾನವಿಲ್ಲ. ತಿಥಿ, ವಾರ, ನಕ್ಷತ್ರಗಳ ಶುಭಾಶುಭವನ್ನು ಶರಣರು ತಿರಸ್ಕರಿಸಿದ್ದು ಕೂಡ ಇದೇ ನಿಲುವಿನ ಇನ್ನೊಂದು ಮುಖ. ಇಂಥವನನ್ನು ಮುಂದಿನ ಶತಮಾನಗಳು ಸಂವತ್ಸರಗಳ ಹೆಸರು ಹಿಡಿದು ಭವಿಷ್ಯ ನುಡಿಯುವವನನ್ನಾಗಿ ಮಾಡಿದುದು ಮೇಲುನೋಟಕ್ಕೆ ವಿಪರ್ಯಾಸವಾಗಿ ಕಾಣುತ್ತದೆ.

ಸೊನ್ನಲಿಗೆಯ ಸಿದ್ಧರಾಮನೊಡನೆ ನಡೆದ ಪ್ರಸಂಗ ಅವನ ಕಲ್ಯಾಣದ ಬದುಕಿನಲ್ಲಿ ಪ್ರಮುಖವಾದುದು. ಸಿದ್ಧರಾಮ ಕೆರೆಗಳನ್ನು ಕಟ್ಟಿಸಿ, ದೇಗುಲಗಳನ್ನು ನಿಲ್ಲಿಸಿ ಲೋಕೋಪಕಾರದಲ್ಲಿ ತೊಡಗಿದ್ದ ಕರ್ಮಯೋಗಿ. ಅಲ್ಲಮನು ಸೊನ್ನಲಿಗೆಗೆ ಹೋಗಿ ಅವನನ್ನು ಎಚ್ಚರಿಸಿ ಕಲ್ಯಾಣಕ್ಕೆ ಕರೆತರುತ್ತಾನೆ. ಇಷ್ಟಲಿಂಗದೀಕ್ಷೆಯ ಅಗತ್ಯ ಕುರಿತು ದೀರ್ಘ ಚರ್ಚೆ ನಡೆಯುತ್ತದೆ. ಕೊನೆಗೆ ವಯಸ್ಸಿನಲ್ಲಿಯೂ ಪ್ರಸಿದ್ಧಿಯಲ್ಲಿಯೂ ಹಿರಿಯನಾದ ಸಿದ್ಧರಾಮನಿಗೆ ದೀಕ್ಷೆ ನೀಡುವವನು ಚೆನ್ನಬಸವಣ್ಣ. ವಿಜಯಪುರ ನಗರದ ಸಿದ್ಧೇಶ್ವರ ಗುಡಿ ಈ ಸಿದ್ಧರಾಮನ ಹೆಸರಿನದು. ಸಂಕ್ರಾಂತಿಯ ಸಂದರ್ಭದಲ್ಲಿ ಅಲ್ಲಿ ನಡೆಯುವ ಜಾತ್ರೆ, ನಂದಿಕೋಲುಗಳ ಮೆರವಣಿಗೆ, ದನಗಳ ಸಂತೆ ಇವು ಸೊಲ್ಲಾಪುರ ಮತ್ತು ವಿಜಯಪುರಗಳನ್ನು ಒಂದೇ ಭಕ್ತಿಪ್ರದೇಶವಾಗಿ ಬೆಸೆದಿವೆ. ಗುರುವಾದ ಚೆನ್ನಬಸವಣ್ಣ, ಕೇಳುವವನಾದ ಸಿದ್ಧರಾಮ ಎಂಬ ಈ ಜೋಡಿಯೇ ಮುಂದೆ ಕಾಲಜ್ಞಾನದ ಸಾಹಿತ್ಯಕ್ಕೆ ಚೌಕಟ್ಟನ್ನು ಒದಗಿಸಿತು ಎಂಬುದನ್ನು ಇಲ್ಲಿ ನೆನಪಿಡಬೇಕು.

೩. ಕಲ್ಯಾಣದ ಅಂತ್ಯ ಮತ್ತು ಉಳವಿಯ ಹಾದಿ

ಹರಳಯ್ಯ ಮತ್ತು ಮಧುವರಸರ ಮನೆತನಗಳ ನಡುವೆ ನಡೆದ ವಿವಾಹ, ಅದಕ್ಕೆ ಅರಸೊತ್ತಿಗೆ ವಿಧಿಸಿದ ಕ್ರೂರ ಶಿಕ್ಷೆ, ಬಿಜ್ಜಳನ ಕೊಲೆ, ಶರಣರ ಚದುರುವಿಕೆ ಇವು ಕಲ್ಯಾಣಕ್ರಾಂತಿಯ ಪರಿಚಿತ ಘಟನೆಗಳು. ಬಿಜ್ಜಳ ೧೧೬೭ರ ಸುಮಾರಿಗೆ ಮಗ ಸೋವಿದೇವನಿಗೆ ಅಧಿಕಾರ ವಹಿಸಿಕೊಟ್ಟುದು ಶಾಸನಗಳಿಂದ ತಿಳಿಯುತ್ತದೆ. ಅವನ ಸಾವಿನ ವಿವರಗಳಲ್ಲಿ ವೀರಶೈವ ಮತ್ತು ಜೈನ ಆಕರಗಳು ಬೇರೆ ಬೇರೆ ಚಿತ್ರ ನೀಡುತ್ತವೆ. ಏನೇ ಇದ್ದರೂ ಕೆಲವೇ ವರ್ಷಗಳಲ್ಲಿ ಒಂದು ಸಮಾಜ ಕಟ್ಟಲ್ಪಟ್ಟು ಕೆಲವೇ ದಿನಗಳಲ್ಲಿ ಚೂರಾಯಿತು ಎಂಬ ನೆನಪು ಎಲ್ಲ ಆಕರಗಳ ಹಿಂದೆಯೂ ಇದೆ.

ಬಸವಣ್ಣ ಕೂಡಲಸಂಗಮಕ್ಕೆ ತೆರಳಿದ. ಅಲ್ಲಮ ಶ್ರೀಶೈಲದ ಕದಳಿಗೆ ಹೋದ. ಉಳಿದವರನ್ನು ಒಂದುಗೂಡಿಸಿ ಕಾಪಾಡುವ ಹೊಣೆ ಚೆನ್ನಬಸವಣ್ಣನದಾಯಿತು. ತಾಯಿ ಅಕ್ಕನಾಗಮ್ಮ, ಮಡಿವಾಳ ಮಾಚಿದೇವ ಮೊದಲಾದವರೊಡನೆ ಅವನು ಪಶ್ಚಿಮದ ಕಾಡಿನತ್ತ ಹೊರಟ. ಕಿತ್ತೂರು ಸೀಮೆಯ ಕಾದರವಳ್ಳಿಯ ಬಳಿ ಬೆನ್ನಟ್ಟಿ ಬಂದ ಸೈನ್ಯದೊಡನೆ ಕಾಳಗ ನಡೆಯಿತೆಂದೂ, ಮಲಪ್ರಭೆಯ ದಂಡೆಯ ಮುಗುಟಖಾನ ಹುಬ್ಬಳ್ಳಿಯಲ್ಲಿ ಗಂಗಾಂಬಿಕೆ ಐಕ್ಯಳಾದಳೆಂದೂ ಸ್ಥಳೀಯ ಐತಿಹ್ಯಗಳು ಹೇಳುತ್ತವೆ. ಈ ಹಾದಿಯ ಕೊನೆ ಇಂದಿನ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ಉಳವಿ. ದಟ್ಟ ಕಾಡು, ಗವಿಗಳು, ಮಳೆಯ ಮರೆಯ ಆ ಊರಿನಲ್ಲಿ ಚೆನ್ನಬಸವಣ್ಣ ತೀರ ಎಳೆಯ ವಯಸ್ಸಿನಲ್ಲಿಯೇ ಲಿಂಗೈಕ್ಯನಾದ. ಮಾಘಮಾಸದ ಉಳವಿ ಜಾತ್ರೆಗೆ ಬಯಲುಸೀಮೆಯ ರೈತರು ಚಕ್ಕಡಿ ಕಟ್ಟಿಕೊಂಡು ಹೋಗುವ ರೂಢಿ ಇಂದಿಗೂ ಇದೆ. ಶರಣರು ಪ್ರಾಣ ಉಳಿಸಿಕೊಳ್ಳಲು ನಡೆದ ದಾರಿ ಹೀಗೆ ಯಾತ್ರೆಯ ದಾರಿಯಾಯಿತು.

ಶರಣ ಸಮುದಾಯದ ದೃಷ್ಟಿಯಿಂದ ನೋಡಿದರೆ ಲೋಕದ ಅಂತ್ಯ ೧೧೬೭-೬೮ರಲ್ಲಿಯೇ ಸಂಭವಿಸಿತ್ತು. ಲೋಕಾಂತ್ಯವೆಂದರೆ ಭೂಮಿಯ ನಾಶವೇ ಆಗಬೇಕೆಂದಿಲ್ಲ. ಬದುಕಿಗೆ ಅರ್ಥ ಕೊಟ್ಟಿದ್ದ ವ್ಯವಸ್ಥೆಯೊಂದು ಕುಸಿದು, ಅದರ ನಾಯಕರು ಇಲ್ಲವಾಗಿ, ಬದುಕುಳಿದವರು ಕಾಡು ಸೇರಿದಾಗ ಅವರ ಪಾಲಿಗೆ ಲೋಕ ಮುಗಿದಂತೆಯೇ. ನ್ಯಾಯವಾದುದೇ ಸೋತದ್ದು ಏಕೆ ಎಂಬ ಪ್ರಶ್ನೆ ಆಗ ಏಳುತ್ತದೆ. ಈ ಪ್ರಶ್ನೆಗೆ ಉತ್ತರ ಹೇಳದೆ ಯಾವ ಸಮುದಾಯವೂ ತನ್ನ ನಂಬಿಕೆಯನ್ನು ಮಕ್ಕಳಿಗೆ ಕೈದಾಟಿಸಲಾರದು. ಕಾಲಜ್ಞಾನ ಸಾಹಿತ್ಯದ ಮೂಲ ಇಲ್ಲಿದೆ.

೪. ಕಾಲಜ್ಞಾನಿಯಾದ ಬಗೆ

ಕನ್ನಡದಲ್ಲಿ ಕಾಲಜ್ಞಾನ ಕೃತಿಗಳು ಚೆನ್ನಬಸವಣ್ಣನ ಹೆಸರಿನಲ್ಲಿ ಮಾತ್ರವಲ್ಲದೆ ಸಿದ್ಧರಾಮ, ಸರ್ವಜ್ಞ ಮೊದಲಾದವರ ಹೆಸರಿನಲ್ಲಿಯೂ ಇವೆ. ವಿದ್ಯಾರಣ್ಯರ ಹೆಸರಿನಲ್ಲಿ ಸಂಸ್ಕೃತ ಕಾಲಜ್ಞಾನವಿದೆ. ತೆಲುಗಿನಲ್ಲಿ ಪೋತುಲೂರಿ ವೀರಬ್ರಹ್ಮೇಂದ್ರಸ್ವಾಮಿಯ ಕಾಲಜ್ಞಾನ ಪ್ರಸಿದ್ಧವಾಗಿದೆ. ಇವುಗಳ ವಿನ್ಯಾಸ ಬಹುಮಟ್ಟಿಗೆ ಒಂದೇ. ಮೊದಲು ರಾಜ್ಯಗಳ ಏಳುಬೀಳುಗಳು, ಅನಂತರ ಮಳೆಬೆಳೆಗಳ ವೈಪರೀತ್ಯ, ಧರ್ಮದ ತಲೆಕೆಳಗಾಗುವಿಕೆ, ಯುದ್ಧ, ಕೊನೆಗೆ ವೀರವಸಂತರಾಯನೆಂಬ ಅರಸನ ಆಗಮನ ಮತ್ತು ಸುಖರಾಜ್ಯದ ಸ್ಥಾಪನೆ. ವೀರಶೈವ ಕಾಲಜ್ಞಾನಗಳಲ್ಲಿ ಈ ಸುಖರಾಜ್ಯದ ಹೆಸರು ಕಲ್ಯಾಣ.

ಈ ಪರಂಪರೆಯನ್ನು ಕಾವ್ಯಕ್ಕೆ ತಂದ ಮಹತ್ವದ ಕೃತಿ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ. ವಾರ್ಧಕ ಷಟ್ಪದಿಯ ಈ ಕೃತಿ ೧೫೮೪ರ ಸುಮಾರಿನದು. ಚೆನ್ನಬಸವಣ್ಣ ಸಿದ್ಧರಾಮನಿಗೆ ಶಿವಲೀಲೆಗಳನ್ನೂ ಶರಣರ ಚರಿತ್ರೆಗಳನ್ನೂ ಬೋಧಿಸುವುದೇ ಇಡೀ ಕಾವ್ಯದ ಚೌಕಟ್ಟು. ಅದರ ಕೊನೆಯ ಭಾಗದಲ್ಲಿ ಮುಂದಾಗುವ ಸಂಗತಿಗಳೂ ಬರುತ್ತವೆ. ಕಲ್ಯಾಣದ ಹಾಳು, ವಿಜಯನಗರದ ಉದಯ ಮತ್ತು ಪತನ, ವಸಂತರಾಯನ ನಿರೀಕ್ಷೆ ಇವು ಹನ್ನೆರಡನೆಯ ಶತಮಾನದ ಗುರು ನುಡಿದ ಭವಿಷ್ಯವಾಗಿ ನಿರೂಪಿತವಾಗಿವೆ. ಕವಿಗೆ ಮಾತ್ರ ಇವುಗಳಲ್ಲಿ ಹೆಚ್ಚಿನವು ಕಣ್ಣೆದುರಿನ ಅಥವಾ ಈಚಿನ ಇತಿಹಾಸ. ೧೫೬೫ರ ಜನವರಿಯಲ್ಲಿ ವಿಜಯಪುರದ ಅಲಿ ಆದಿಲಶಾಹ ಹಾಗೂ ಇತರ ಸುಲ್ತಾನರ ಒಕ್ಕೂಟ ಅಳಿಯ ರಾಮರಾಯನನ್ನು ಸೋಲಿಸಿದಾಗ, ಅದನ್ನು ಕಂಡು ಕೇಳಿದ ತಲೆಮಾರಿಗಾಗಿ ಈ ಕೃತಿ ರಚಿತವಾಗಿದೆ. ರಕ್ಕಸಗಿ, ತಂಗಡಗಿ ಗ್ರಾಮಗಳು ಇಂದಿನ ವಿಜಯಪುರ ಜಿಲ್ಲೆಯ ಕೃಷ್ಣಾತೀರದಲ್ಲಿವೆ. ಬಸವಣ್ಣ, ಚೆನ್ನಬಸವಣ್ಣರ ಮೊದಲ ಹೆಜ್ಜೆಗಳು ಮೂಡಿದ ನೆಲಕ್ಕೆ ಸಮೀಪದಲ್ಲಿಯೇ ವಿಜಯನಗರದ ಭವಿಷ್ಯ ನಿರ್ಧಾರವಾಯಿತು.

ನಡೆದುಹೋದುದನ್ನು ಹಿಂದಿನ ಮಹಾಪುರುಷನ ಬಾಯಿಂದ ಭವಿಷ್ಯವಾಗಿ ನುಡಿಸುವ ತಂತ್ರ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಹೀಬ್ರೂ ಬೈಬಲಿನ ದಾನಿಯೇಲನ ಗ್ರಂಥ ಕ್ರಿ.ಪೂ. ಆರನೆಯ ಶತಮಾನದ ಬ್ಯಾಬಿಲೋನಿನ ಪ್ರವಾದಿಯ ಮಾತುಗಳೆಂದು ಹೇಳಿಕೊಂಡರೂ, ಅದರ ದರ್ಶನಗಳು ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಯೆಹೂದ್ಯರು ಗ್ರೀಕ್ ಅರಸನಿಂದ ಹಿಂಸೆಗೊಳಗಾಗಿದ್ದಾಗ ರೂಪುಗೊಂಡವು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಅಲ್ಲಿಯೂ ರಾಜ್ಯಗಳು ಒಂದಾದ ಮೇಲೊಂದು ಬಿದ್ದು ಕೊನೆಗೆ ದೇವರ ರಾಜ್ಯ ಬರುತ್ತದೆ. ಎರಡೂ ಕಡೆ ಪರಿಣಾಮ ಒಂದೇ ಬಗೆಯದು. ಆದ ಅನಾಹುತ ಮೊದಲೇ ತಿಳಿದಿತ್ತು ಎಂದಾದರೆ ಅದು ಅನಿಯತವಾದ ಆಘಾತವಾಗಿ ಉಳಿಯುವುದಿಲ್ಲ. ಒಂದು ದೊಡ್ಡ ಕಥೆಯ ನಿರೀಕ್ಷಿತ ಅಧ್ಯಾಯವಾಗುತ್ತದೆ. ಕಥೆಯ ಅರ್ಧ ನಿಜವಾಗಿದೆ ಎಂದು ಕಂಡವನು ಉಳಿದರ್ಧವನ್ನೂ ನಂಬುತ್ತಾನೆ. ಕಲ್ಯಾಣ ಹಾಳಾಗುತ್ತದೆಂಬ ಮಾತು ಸತ್ಯವಾಯಿತು, ಆದುದರಿಂದ ಕಲ್ಯಾಣ ಮರಳಿ ಬರುತ್ತದೆಂಬ ಮಾತೂ ಸತ್ಯವಾಗಲೇಬೇಕು ಎಂಬ ತರ್ಕ ಇಲ್ಲಿ ಕೆಲಸ ಮಾಡುತ್ತದೆ.

ಇದೇ ದಶಕಗಳಲ್ಲಿ ದಕ್ಷಿಣಾಪಥದ ಮುಸ್ಲಿಂ ಸಮಾಜದಲ್ಲಿಯೂ ಇಂಥದೇ ನಿರೀಕ್ಷೆ ಹರಡಿತ್ತು. ಹಿಜರಿ ಶಕೆಯ ಸಾವಿರದ ವರ್ಷ ೧೫೯೧-೯೨ರಲ್ಲಿ ಬಂದಿತು. ಆಗ ವಿಜಯಪುರದಲ್ಲಿ ಆಳುತ್ತಿದ್ದವನು ಎರಡನೆಯ ಇಬ್ರಾಹಿಂ ಆದಿಲಶಾಹ. ಮಹದಿಯೆಂದು ತನ್ನನ್ನು ಸಾರಿಕೊಂಡಿದ್ದ ಸೈಯದ್ ಮಹಮ್ಮದ್ ಜೌನಪುರಿಯ ಅನುಯಾಯಿಗಳು ಗುಜರಾತ್ ಮತ್ತು ದಖ್ಖನಿನಲ್ಲಿ ನೆಲೆಸಿದ್ದರು. ನೆರೆಯ ಅಹಮದನಗರದಲ್ಲಿ ಈ ಪಂಥದ ಜಮಾಲ್ ಖಾನ್ ೧೫೮೯ರಿಂದ ೧೫೯೧ರವರೆಗೆ ಆಡಳಿತಸೂತ್ರವನ್ನೇ ಹಿಡಿದಿದ್ದ. ಉತ್ತರದಲ್ಲಿ ಅಕ್ಬರ್ ಸಾವಿರ ವರ್ಷಗಳ ಇತಿಹಾಸವಾದ ತಾರೀಖ್-ಇ-ಅಲ್ಫಿಯನ್ನು ಬರೆಯಿಸಿದ. ಚೆನ್ನಬಸವಪುರಾಣದ ಮೇಲೆ ಇವುಗಳ ಪ್ರಭಾವವಿದೆ ಎನ್ನುವುದು ಇಲ್ಲಿನ ವಾದವಲ್ಲ. ಆದರೆ ಒಂದೇ ನೆಲದ ಭಿನ್ನ ಧರ್ಮೀಯರು ಒಂದೇ ಕಾಲದಲ್ಲಿ, ತಮ್ಮ ತಮ್ಮ ಪರಿಭಾಷೆಯಲ್ಲಿ, ಯುಗ ಬದಲಾಗಲಿದೆ ಎಂದು ಎಣಿಸುತ್ತಿದ್ದರು ಎಂಬುದು ಗಮನಾರ್ಹ.

೫. ಚೆನ್ನಬಸವಣ್ಣನೇ ಏಕೆ?

ಭವಿಷ್ಯ ನುಡಿಸಲು ಪರಂಪರೆ ಬಸವಣ್ಣನಿಗಿಂತಲೂ ಅಲ್ಲಮನಿಗಿಂತಲೂ ಹೆಚ್ಚಾಗಿ ಚೆನ್ನಬಸವಣ್ಣನನ್ನು ಆರಿಸಿಕೊಂಡುದಕ್ಕೆ ಅವನ ಬದುಕಿನಲ್ಲಿಯೇ ಕಾರಣಗಳಿವೆ. ಮೊದಲನೆಯದಾಗಿ ಅವನು ಅಂತ್ಯದ ಸಾಕ್ಷಿ. ಉಳಿದ ಹಿರಿಯರು ನಿರ್ಗಮಿಸಿದ ಮೇಲೆ ಬದುಕುಳಿದವರ ಜೊತೆ ನಡೆದವನು ಅವನು. ಮುಂದೇನು ಎಂಬ ಪ್ರಶ್ನೆಯನ್ನು ಜನ ಕೇಳಿರಬಹುದಾದುದು ಅವನನ್ನೇ. ಎರಡನೆಯದಾಗಿ ಅವನು ಜ್ಞಾನಿ. ಸ್ಥಲಗಳನ್ನು ಕ್ರಮವಾಗಿ ಎಣಿಸಿದವನು ಕಾಲವನ್ನೂ ಕ್ರಮವಾಗಿ ಎಣಿಸಬಲ್ಲನೆಂದು ಭಾವಿಸುವುದು ಜನಮನಸ್ಸಿಗೆ ಸಹಜ. ಮೂರನೆಯದಾಗಿ ಅವನ ಬದುಕು ಅಪೂರ್ಣ. ಎಳೆಯ ವಯಸ್ಸಿನಲ್ಲಿ ಕಾಡಿನ ನಡುವೆ ಮುಗಿದ ಬದುಕು ಮರಳಿ ಬರುವಿಕೆಯನ್ನು ಬೇಡುತ್ತದೆ. ಪೂರ್ಣಗೊಂಡ ಬದುಕಿಗೆ ಸ್ಮಾರಕ ಸಾಕು. ಅರ್ಧಕ್ಕೆ ನಿಂತ ಬದುಕಿಗೆ ಭವಿಷ್ಯ ಬೇಕಾಗುತ್ತದೆ.

ಕಾಲಜ್ಞಾನದ ದೀರ್ಘಾಯುಷ್ಯಕ್ಕೆ ಅದರ ಕಾಲಗಣನೆಯೂ ಕಾರಣ. ಈ ಕೃತಿಗಳು ಅನೇಕ ವೇಳೆ ಸಂವತ್ಸರದ ಹೆಸರಿನಿಂದ ಕಾಲ ಸೂಚಿಸುತ್ತವೆ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ರಕ್ಕಸತಂಗಡಿಯ ಕಾಳಗ ನಡೆದುದು ರಕ್ತಾಕ್ಷಿ ಸಂವತ್ಸರದಲ್ಲಿ. ಆ ಹೆಸರಿನ ವರ್ಷ ೧೬೨೪-೨೫ರಲ್ಲಿಯೂ ೧೬೮೪-೮೫ರಲ್ಲಿಯೂ ಮರಳಿತು, ೧೯೮೪-೮೫ರಲ್ಲಿಯೂ ಬಂದಿತು. ಔರಂಗಜೇಬನು ೧೬೮೬ರಲ್ಲಿ ವಿಜಯಪುರವನ್ನು ಗೆದ್ದು ಆದಿಲಶಾಹಿಯನ್ನು ಕೊನೆಗೊಳಿಸಿದ ವರ್ಷದ ಹೆಸರೇ ಕ್ಷಯ. ಇಂಥ ಹೆಸರುಗಳು ಪ್ರತಿ ತಲೆಮಾರಿಗೂ ಒಮ್ಮೆ ಕಿವಿಗೆ ಬಿದ್ದಾಗ ಹಳೆಯ ನುಡಿ ಹೊಸದಾಗಿ ಅನ್ವಯವಾಗುತ್ತದೆ. ಒಮ್ಮೆ ಹುಸಿಯಾದ ಭವಿಷ್ಯ ಸುಳ್ಳೆಂದು ಸಾಬೀತಾಗುವುದಿಲ್ಲ; ಇನ್ನೊಂದು ಸುತ್ತಿಗೆ ಕಾಯುತ್ತದೆ.

ನಿಶ್ಚಿತ ದಿನಾಂಕ ಕೊಟ್ಟ ಲೋಕಾಂತ್ಯದ ಪಂಥಗಳ ಸ್ಥಿತಿ ಇದಕ್ಕಿಂತ ಕಷ್ಟದ್ದು. ಅಮೆರಿಕದ ವಿಲಿಯಂ ಮಿಲ್ಲರನ ಅನುಯಾಯಿಗಳು ೧೮೪೪ರ ಅಕ್ಟೋಬರ್ ೨೨ರಂದು ಕ್ರಿಸ್ತನ ಪುನರಾಗಮನಕ್ಕಾಗಿ ಕಾದು ನಿರಾಶರಾದರು. ಹಲವರು ಚದುರಿದರು, ಉಳಿದವರು ಆ ದಿನಕ್ಕೆ ಬೇರೆ ಅರ್ಥ ಹಚ್ಚಿ ಹೊಸ ಸಭೆಗಳನ್ನು ಕಟ್ಟಿದರು. ೧೯೫೪ರಲ್ಲಿ ಶಿಕಾಗೋ ಪರಿಸರದಲ್ಲಿ ಜಲಪ್ರಳಯ ನಿರೀಕ್ಷಿಸಿದ ಸಣ್ಣ ಗುಂಪೊಂದನ್ನು ಅಭ್ಯಸಿಸಿ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ೧೯೫೬ರಲ್ಲಿ ಪ್ರಕಟಿಸಿದ ಗ್ರಂಥ, ಭವಿಷ್ಯ ಹುಸಿಯಾದಾಗ ನಂಬಿಕೆ ಇನ್ನಷ್ಟು ಬಲಗೊಳ್ಳುತ್ತದೆ ಎಂದು ವಾದಿಸಿತು. ಆ ಅಧ್ಯಯನದ ವಿಧಾನವನ್ನೂ ನಿರ್ಣಯವನ್ನೂ ಈಚಿನ ದಾಖಲೆ ಪರಿಶೀಲನೆಗಳು ಗಂಭೀರವಾಗಿ ಪ್ರಶ್ನಿಸಿವೆ. ಆದ್ದರಿಂದ ಅದನ್ನು ಸಾರ್ವತ್ರಿಕ ನಿಯಮವೆಂದು ಕನ್ನಡದ ಸಂದರ್ಭಕ್ಕೆ ಅನ್ವಯಿಸುವುದು ಸರಿಯಲ್ಲ. ಕಾಲಜ್ಞಾನಕ್ಕೆ ಹುಸಿಯಾಗುವ ಸಂದರ್ಭವೇ ಅಪರೂಪ. ಅದರ ಬಲ ನಿಶ್ಚಿತತೆಯಲ್ಲಿಲ್ಲ, ಪುನರಾವರ್ತನೆಯಲ್ಲಿದೆ.

ಇದರೊಂದಿಗೆ ನೆಲದ ಸ್ವಭಾವವನ್ನೂ ಸೇರಿಸಿ ನೋಡಬೇಕು. ವಿಜಯಪುರ, ತಿಕೋಟಾ, ಬಬಲೇಶ್ವರ ಪ್ರದೇಶ ಬಹುಕಾಲ ಮಳೆಯನ್ನೇ ನಂಬಿದ್ದ ಬಿಳಿಜೋಳದ ಎರೆಭೂಮಿ. ೧೮೭೬-೭೮ರ ಬರ, ಆಗ ಕಲಾದಗಿ ಜಿಲ್ಲೆಯಾಗಿದ್ದ ಈ ಸೀಮೆಯನ್ನು ತೀವ್ರವಾಗಿ ಬಾಧಿಸಿತು. ಮಳೆ ಬರುವುದೋ ಇಲ್ಲವೋ ಎಂಬುದೇ ಬದುಕು ಸಾವಿನ ಪ್ರಶ್ನೆಯಾದ ಕಡೆ ಮುಂದಾಗುವುದನ್ನು ಕೇಳುವ ಹಂಬಲ ಮೌಢ್ಯ ಮಾತ್ರವಲ್ಲ. ಅದು ಒಕ್ಕಲುತನದ ಒಂದು ಅಂಗ. ಬಬಲೇಶ್ವರ ತಾಲೂಕಿನ ಹೊಳೆಬಬಲಾದಿಯಲ್ಲಿ ಸದಾಶಿವ ಮುತ್ಯಾನ ಪರಂಪರೆಯ ಕಾಲಜ್ಞಾನವನ್ನು ಶಿವರಾತ್ರಿಯ ಸಂದರ್ಭದ ಜಾತ್ರೆಯಲ್ಲಿ ಕೇಳಲು ಜನ ಸೇರುತ್ತಾರೆ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರ್ಣಿಕವನ್ನೂ ರೈತರು ಮಳೆಬೆಳೆಗಳಿಗೆ ಹೊಂದಿಸಿ ಅರ್ಥೈಸುತ್ತಾರೆ. ಲೋಕಾಂತ್ಯದ ದೊಡ್ಡ ಕಥೆ ಮತ್ತು ಬರುವ ವರ್ಷದ ಮಳೆಯ ಸಣ್ಣ ಪ್ರಶ್ನೆ ಇವೆರಡೂ ಒಂದೇ ಜಾತ್ರೆಯಲ್ಲಿ ಒಂದೇ ಬಾಯಿಂದ ಬರುತ್ತವೆ. ಎರಡನೆಯದರ ಅಗತ್ಯ ಮೊದಲನೆಯದನ್ನು ಜೀವಂತವಾಗಿಟ್ಟಿದೆ.

೬. ನಿರೀಕ್ಷೆಯ ಲಾಭ ಮತ್ತು ನಷ್ಟ

ಕಾಲಜ್ಞಾನವನ್ನು ನಂಬಿದ ಸಮುದಾಯಗಳು ಸುಮ್ಮನೆ ಕಾಯುತ್ತ ಕುಳಿತವೆಂದು ಹೇಳಲಾಗದು. ತಾಳಿಕೋಟೆಗೆ ಸಮೀಪದ, ಇಂದಿನ ಯಾದಗಿರಿ ಜಿಲ್ಲೆಯ ಕೊಡೇಕಲ್ಲು ಇದಕ್ಕೆ ಉತ್ತಮ ನಿದರ್ಶನ. ಅಲ್ಲಿಯ ಬಸವಣ್ಣನ ಪರಂಪರೆ ಕಲ್ಯಾಣದ ಬಸವಣ್ಣನೇ ಮರಳಿ ಬಂದನೆಂದು ನಂಬಿ, ಕಾಲಜ್ಞಾನದ ದೊಡ್ಡ ಸಾಹಿತ್ಯರಾಶಿಯನ್ನು ಸೃಷ್ಟಿಸಿತು. ಅಮರಗನ್ನಡವೆಂಬ ಗುಪ್ತಲಿಪಿಯಲ್ಲಿ ಅದನ್ನು ಬರೆದಿಟ್ಟಿತು. ಹಿಂದೂ ಮುಸ್ಲಿಂ ಭಕ್ತರಿಬ್ಬರಿಗೂ ನೆಲೆಯಾಯಿತು. ವಿಜಯನಗರ ಮತ್ತು ಆದಿಲಶಾಹಿಗಳ ನಡುವಿನ ಯುದ್ಧಭೂಮಿಯಲ್ಲಿ ಎರಡೂ ಕಡೆಯ ಜನರು ಒಟ್ಟಿಗೆ ಕಾಯಬಹುದಾದ ಮೂರನೆಯ ರಾಜ್ಯವೊಂದನ್ನು ಅದು ಕಲ್ಪಿಸಿಕೊಟ್ಟಿತು. ಅಧಿಕಾರವಿಲ್ಲದವರು ಅಧಿಕಾರಸ್ಥರ ಕೊನೆಯನ್ನು ಮಾತಿನಲ್ಲಾದರೂ ಕಾಣುವ ಅವಕಾಶ ಅಲ್ಲಿತ್ತು. ಲೋಕಾಂತ್ಯದ ನಂಬಿಕೆಯ ಆಕರ್ಷಣೆ ನಾಶದ ಮೋಹದಲ್ಲಿಲ್ಲ, ನ್ಯಾಯದ ಮೋಹದಲ್ಲಿದೆ ಎಂಬುದಕ್ಕೆ ಇದು ಆಧಾರ.

ಅದೇ ವೇಳೆ, ಕಾಯುವವರು ಇದ್ದಲ್ಲಿ ಬಂದೆನೆಂದು ಹೇಳುವವರೂ ಇರುತ್ತಾರೆ. ೧೯೨೪ರಲ್ಲಿ ಗದಗಿನಲ್ಲಿ ಸಿದ್ದಿಕ್ ಹುಸೇನ್ (೧೮೮೬-೧೯೫೨) ಎಂಬವರು ತಾವೇ ಕಾಲಜ್ಞಾನಗಳಲ್ಲಿ ಹೇಳಿರುವ ಚೆನ್ನಬಸವೇಶ್ವರನೆಂದು ಸಾರಿ ದೀನದಾರ್ ಅಂಜುಮನ್ ಸಂಸ್ಥೆಯನ್ನು ಕಟ್ಟಿದರು. ಲಿಂಗಾಯತರನ್ನು ಇಸ್ಲಾಮಿನತ್ತ ಕರೆಯುವುದಕ್ಕೆ ಅವರು ಆಶ್ರಯಿಸಿದುದು ಲಿಂಗಾಯತರದೇ ಆದ ಭವಿಷ್ಯವಾಣಿಗಳನ್ನು. ಈ ಹೇಳಿಕೆ ತೀವ್ರ ವಿವಾದಕ್ಕೆ ಕಾರಣವಾಯಿತು. ಉಳವಿಯಲ್ಲಿ ಐಕ್ಯನಾಗಿ ಏಳೂವರೆ ಶತಮಾನ ಕಳೆದ ಮೇಲೆಯೂ ಚೆನ್ನಬಸವಣ್ಣನ ಹೆಸರಿನಲ್ಲಿ ಒಂದು ಸ್ಥಾನ ಖಾಲಿಯಿತ್ತು ಮತ್ತು ಅದನ್ನು ತುಂಬಲು ಯತ್ನಿಸುವುದು ಸಾಧ್ಯವಿತ್ತು ಎಂಬುದೇ ಇಲ್ಲಿನ ಮುಖ್ಯ ಅಂಶ. ಭವಿಷ್ಯವಾಣಿ ಯಾರದೂ ಸ್ವತ್ತಲ್ಲ. ಅದನ್ನು ಯಾರು ಬೇಕಾದರೂ ತಮ್ಮದೆಂದು ಹೇಳಬಹುದು. ೨೦೨೦ರ ಕೊರೊನಾ ಕಾಲದಲ್ಲಿ ಹಳೆಯ ಕಾಲಜ್ಞಾನಗಳ ಹೆಸರಿನಲ್ಲಿ ಹೊಸ ಮಾತುಗಳು ಮೊಬೈಲುಗಳಲ್ಲಿ ಹರಿದಾಡಿದುದನ್ನು ನಾವೆಲ್ಲ ಕಂಡಿದ್ದೇವೆ.

ನಷ್ಟದ ಇನ್ನೊಂದು ಬಗೆ ಚೆನ್ನಬಸವಣ್ಣನ ವಿಚಾರಕ್ಕೇ ಸಂಬಂಧಿಸಿದುದು. ಕಲ್ಯಾಣವನ್ನು ವಸಂತರಾಯ ಬಂದು ಕಟ್ಟುತ್ತಾನೆಂದಾದರೆ ನಾವು ಕಟ್ಟಬೇಕಾಗಿಲ್ಲ. ಹರಳಯ್ಯ, ಮಧುವರಸರು ಕಾಲ ಕೂಡಿಬರಲೆಂದು ಕಾಯಲಿಲ್ಲ, ಸಂಬಂಧ ಬೆಳೆಸಿದರು. ಕಾಯಕ ಮತ್ತು ದಾಸೋಹ ದಿನದಿನದ ಕ್ರಿಯೆಗಳು. ಷಟ್‌ಸ್ಥಲದ ಮಾರ್ಗ ಈ ದೇಹದಲ್ಲಿ ಈಗ ನಡೆಯಬೇಕಾದುದು. ಮಾಡುವುದರಿಂದ ಹುಟ್ಟಿದ ಕಲ್ಯಾಣ ಕಾಯುವುದರಲ್ಲಿ ಉಳಿದುಕೊಂಡಿತು. ಅರಸನೊಬ್ಬನ ಕ್ರೌರ್ಯದಿಂದ ನಾಶವಾದ ಸಮಾಜ ತನ್ನ ಉದ್ಧಾರಕ್ಕೆ ಮತ್ತೊಬ್ಬ ಅರಸನನ್ನೇ ನಿರೀಕ್ಷಿಸಿದುದು ಆ ಸೋಲು ಎಷ್ಟು ಆಳವಾದುದಾಗಿತ್ತು ಎಂಬುದನ್ನು ಸೂಚಿಸುತ್ತದೆ.

ಸಮಾರೋಪ

ಚೆನ್ನಬಸವಣ್ಣನ ಬದುಕನ್ನು ಹೀಗೆ ಎರಡು ಘಟ್ಟಗಳಲ್ಲಿ ಪರಿಶೀಲಿಸಿದಾಗ ಕೆಲವು ನಿರ್ಣಯಗಳಿಗೆ ಬರಬಹುದು. ಕಾಲಜ್ಞಾನಿ ಚೆನ್ನಬಸವಣ್ಣ ಹನ್ನೆರಡನೆಯ ಶತಮಾನದ ವ್ಯಕ್ತಿಯಲ್ಲ. ಮುಖ್ಯವಾಗಿ ವಿಜಯನಗರೋತ್ತರ ಕಾಲದ ಸೃಷ್ಟಿ. ಆದರೆ ಆ ಸೃಷ್ಟಿ ಆಧಾರರಹಿತವಲ್ಲ. ಅಂತ್ಯವನ್ನು ಕಂಡು, ಉಳಿದವರನ್ನು ನಡೆಸಿ, ಅಕಾಲದಲ್ಲಿ ಮುಗಿದ ಬದುಕು ಅದಕ್ಕೆ ಅವಕಾಶ ನೀಡಿತು. ಜನರು ಲೋಕಾಂತ್ಯದ ನಂಬಿಕೆಗೆ ಒಲಿಯುವುದು ಲೋಕ ಮುಗಿಯಲೆಂದಲ್ಲ. ಆಗಲೇ ಮುಗಿದುಹೋದ ತಮ್ಮ ಲೋಕಕ್ಕೆ ಕಾರಣ ಸಿಗಲಿ, ಅದು ಮರಳಲಿ ಎಂದು. ಹೀಗಾಗಿ ಕಾಲಜ್ಞಾನದ ಹಸ್ತಪ್ರತಿಗಳನ್ನು ನಿಜವೋ ಸುಳ್ಳೋ ಎಂಬ ಅಳತೆಗೋಲಿನಿಂದ ಮಾತ್ರ ಅಳೆಯುವುದು ಸಾಲದು. ಪ್ರತಿಯೊಂದು ಪಾಠವೂ ಯಾವ ಸೋಲಿನ ಅನಂತರ, ಯಾವ ಬರದ ಬೆನ್ನಲ್ಲಿ, ಯಾರ ಕೈಯಲ್ಲಿ ರೂಪುಗೊಂಡಿತು ಎಂಬುದನ್ನು ಗುರುತಿಸುವ ಕೆಲಸ ಆಗಬೇಕಾಗಿದೆ. ಮಠಗಳಲ್ಲಿಯೂ ಮನೆಗಳಲ್ಲಿಯೂ ಉಳಿದಿರುವ ಪ್ರತಿಗಳ ಪಾಠಾಂತರಗಳನ್ನು ಕಾಲಾನುಕ್ರಮದಲ್ಲಿ ಹೋಲಿಸಿದರೆ, ಅರಮನೆಯ ದಾಖಲೆಗಳು ಹೇಳದ ಜನಸಾಮಾನ್ಯರ ಭಯ ಮತ್ತು ಆಸೆಗಳ ಚರಿತ್ರೆ ನಮಗೆ ದೊರೆಯುತ್ತದೆ. ಜೊತೆಗೆ, ಭವಿಷ್ಯದ ಭಾರವನ್ನು ಇಳಿಸಿದಾಗ ವರ್ತಮಾನದ ಚಿಂತಕನಾದ ಅವಿರಳಜ್ಞಾನಿ ಚೆನ್ನಬಸವಣ್ಣನೂ ಓದುಗರಿಗೆ ಇನ್ನಷ್ಟು ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತಾನೆ.